ಡಾಂಗಲ್: ಲಿನಕ್ಸ್ ಕಂಪ್ಯೂಟರುಗಳಲ್ಲಿ ಬಳಕೆ

ಮೊಬೈಲ್ ಸಿಮ್ ಹಾಕಿ ಕಂಪ್ಯೂಟರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಮೋಡೆಮ್. ನೆಟ್‌ಸೆಟ್ಟರ್, ಫೋಟಾನ್ ಎಂಬ ಮಾರಾಟದ ಹೆಸರುಗಳಿಂದಲೂ ಪರಿಚಿತ. ಬಿಎಸ್‌ಎನ್‌ಎಲ್ 2009ರಲ್ಲಿ 3ಜಿ ಸೇವೆ ಆರಂಭಿಸಿತು. 2010ರ ಹರಾಜಿನಲ್ಲಿ ಕರ್ನಾಟಕದ 3ಜಿ ತರಂಗಾಂತರ ಏರ್‌ಟೆಲ್, ಏರ್‌ಸೆಲ್ ಮತ್ತು ಟಾಟಾ ಕಂಪನಿಗಳ ಪಾಲಾಯಿತು. ಸ್ಥಿರ ದೂರವಾಣಿಯಿಲ್ಲದ ಮನೆಗಳಿಗೆ ಅಂತರ್ಜಾಲ ತಲುಪಲು ಆಗ ಇದ್ದ ಸುಲಭ ದಾರಿ ಈ ಡಾಂಗಲ್.

ಲಿನಕ್ಸ್ ಬಳಕೆದಾರರನ್ನು ಹೆಚ್ಚು ಕಾಡಿದ್ದು ನೆಟ್‌ವರ್ಕ್ ಅಲ್ಲ, ಡಾಂಗಲ್ ಹಾಕಿಕೊಂಡು ಬರುವ ವೇಷ. ವಿಂಡೋಸ್ ತಂತ್ರಾಂಶವನ್ನು ಬೇರೆ ಸಿ.ಡಿ.ಯಲ್ಲಿ ಕೊಡುವ ಖರ್ಚು ಉಳಿಸಲು ತಯಾರಕರು ಅದನ್ನು ಡಾಂಗಲಿನ ಒಳಗೇ ತುಂಬಿದರು. ಹಾಗಾಗಿ ಚುಚ್ಚಿದ ಕೂಡಲೇ ಅದು ತಾನೊಂದು ಸಿ.ಡಿ. ಡ್ರೈವ್ ಎಂದೇ ಹೇಳಿಕೊಳ್ಳುತ್ತದೆ. ಲಿನಕ್ಸ್ ಅದನ್ನು ನಂಬಿ ಸುಮ್ಮನಾಗುತ್ತದೆ. ಯೋಸುವಾ ಡೀಟ್ಸೆ ಬರೆದ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ತಂತ್ರಾಂಶ ಈ ಗಂಟನ್ನು ಬಿಡಿಸಿತು. ಅದು ಕಳಿಸುವ ಆದೇಶ ತಲುಪಿದಾಗ ಡಾಂಗಲ್ ಕ್ಷಣಕಾಲ ಮಾಯವಾಗಿ ಮೋಡೆಮ್ ಆಗಿ ಮರಳುತ್ತದೆ. ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ: ಹುವಾವೇಯ ಹಲವು ಮಾದರಿಗಳಲ್ಲಿ ಮೊದಲು 12ಡಿ1:1446 ಎಂದಿದ್ದ ಗುರುತು 1001, 1436 ಅಥವಾ 1506ಕ್ಕೆ ತಿರುಗುತ್ತದೆ. ತಿರುಗದಿದ್ದರೆ ಮುಂದಿನ ಸೆಟ್ಟಿಂಗುಗಳನ್ನು ಎಷ್ಟು ಬದಲಿಸಿದರೂ ವ್ಯರ್ಥ.

ಬಳಿಕ ಕರ್ನೆಲ್‌ನ 'ಆಪ್ಷನ್' ಡ್ರೈವರ್ ಟಿಟಿವೈಯುಎಸ್‌ಬಿ0ಯಿಂದ ಮೊದಲಾಗಿ ಕೆಲವು ಪೋರ್ಟುಗಳನ್ನು ತೆರೆಯುತ್ತದೆ. *99# ಡಯಲ್ ಮಾಡಿ, ಸಿಮ್ ಕಂಪನಿಯ ಎಪಿಎನ್ (ಸಂಪರ್ಕ ಬಿಂದುವಿನ ಹೆಸರು) ಕೊಟ್ಟರೆ ಸಂಪರ್ಕ ಸಿದ್ಧ. ದಕ್ಷಿಣ ಭಾರತದ ಬಿಎಸ್‌ಎನ್‌ಎಲ್‌ಗೆ 'ಬಿಎಸ್‌ಎನ್‌ಎಲ್‌ನೆಟ್', 4ಜಿ ಡಾಂಗಲ್ ಆದರೆ ಜಿಯೋಗೆ 'ಜಿಯೋನೆಟ್'. ಟಾಟಾ ಫೋಟಾನ್‌ನಂಥ ಸಿಡಿಎಂಎ ಡಾಂಗಲ್‌ಗಳ ಡಯಲ್ ಸಂಖ್ಯೆ #777. 2008ರ ನೆಟ್‌ವರ್ಕ್‌ಮ್ಯಾನೇಜರ್ 0.7 ಬರುವವರೆಗೆ ಇದನ್ನೆಲ್ಲ ಡಬ್ಲ್ಯುವಿಡಯಲ್ ಎಂಬ ಡಯಲ್ ತಂತ್ರಾಂಶದ ಕಡತದಲ್ಲಿ ಕೈಯಾರೆ ಬರೆಯಬೇಕಿತ್ತು. ಎರಡನ್ನೂ ಒಟ್ಟಿಗೆ ಓಡಿಸಿದರೆ ಒಂದೇ ಪೋರ್ಟಿಗಾಗಿ ಕಿತ್ತಾಡುತ್ತವೆ. ಒಂದನ್ನು ನಿಲ್ಲಿಸುವುದೇ ಮದ್ದು.

ಸ್ವರ್ಣಾ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವಣ ಹೂಡೆಯಂಥ ಊರಿನಲ್ಲಿ ತೆಂಗಿನ ತೋಟ, ಕೆಂಪುಕಲ್ಲಿನ ದಪ್ಪ ಗೋಡೆಗಳಿಂದಲೂ ಸಿಗ್ನಲ್ ಸೊರಗುತ್ತದೆ. ಎಟಿ+ಸಿಎಸ್‌ಕ್ಯು ಎಂಬ ಆದೇಶಕ್ಕೆ ಮೋಡೆಮ್ 0ಯಿಂದ 31ರೊಳಗಿನ ಅಂಕಿ ಕೊಡುತ್ತದೆ. 10ಕ್ಕಿಂತ ಕೆಳಗಿದ್ದರೆ ದುರ್ಬಲ, 99 ಬಂದರೆ ಅಳತೆಯೇ ಸಿಕ್ಕಿಲ್ಲ ಎಂದರ್ಥ. ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಕಿಟಕಿಗೆ ತಂದರೆ ಅಂಕಿ ಏರುವುದುಂಟು. ಕೇಬಲ್ ತೀರಾ ಉದ್ದವಾದರೆ ಅಥವಾ ಅಗ್ಗದ ಹಬ್ ಬಳಸಿದರೆ ವಿದ್ಯುತ್ ಸಾಲದೆ ಸಂಪರ್ಕ ತಾನೇ ಕಡಿದುಹೋಗುತ್ತದೆ. ಯುಎಸ್‌ಬಿ 2.0 ಪೋರ್ಟಿನ ಮಿತಿ 500 ಮಿಲಿಆಂಪಿಯರ್. ಲಿನಕ್ಸನ್ನು ಬೈಯುವ ಮುನ್ನ ಇಷ್ಟನ್ನು ನೋಡಿಕೊಳ್ಳುವುದು ಒಳಿತು.

ಗಲ್ಫಿನಿಂದ ತಂದ ಡಾಂಗಲ್‌ಗಳ ಕಥೆ ಬೇರೆ. ಅಲ್ಲಿನ ಕಂಪನಿಗೆ ಲಾಕ್ ಆಗಿದ್ದರೆ ಇಲ್ಲಿಯ ಸಿಮ್ಮನ್ನು ಅದು ಒಪ್ಪದು; ಅನ್‌ಲಾಕ್ ಸಂಕೇತ ಬೇಕೇ ಬೇಕು. ಈ ವಿಷಯದಲ್ಲಿ ಲಿನಕ್ಸ್, ವಿಂಡೋಸ್ ಎಂಬ ಭೇದವಿಲ್ಲ.

ನಂತರದ ತಲೆಮಾರಿನವು ಸರಳ. ಹುವಾವೇಯ ಹೈಲಿಂಕ್ ಮಾದರಿಗಳು ಪುಟ್ಟ ರೌಟರಿನಂತೆ ವರ್ತಿಸುತ್ತವೆ, ಡಯಲ್ ಮಾಡುವ ಗೋಜೇ ಇಲ್ಲ, 192.168.8.1 ವಿಳಾಸದಲ್ಲಿ ಬ್ರೌಸರಿನಿಂದಲೇ ಎಪಿಎನ್ ತುಂಬಬಹುದು. ಹೊಸ ಮೋಡೆಮ್‌ಗಳಿಗಾಗಿ 2012ರ ಲಿನಕ್ಸ್ 3.4ರಲ್ಲಿ ಕ್ಯುಎಂಐ, 2013ರ 3.8ರಲ್ಲಿ ಎಂಬಿಐಎಂ ಡ್ರೈವರ್‌ಗಳು ಸೇರಿದವು. ಅಷ್ಟರಲ್ಲಿ ಫೋನಿನ ಹಾಟ್‌ಸ್ಪಾಟ್ ಡಾಂಗಲಿನ ಜಾಗ ಕಬಳಿಸತೊಡಗಿತ್ತು.

2020ರ ಹೊತ್ತಿಗೆ ಏರ್‌ಟೆಲ್ 3ಜಿ ನಿಲ್ಲಿಸಿದ ಕಾರಣ ಅದರ ಸಿಮ್ ಹಾಕಿದ ಹಳೆಯ 3ಜಿ ಡಾಂಗಲ್ ಈಗ 2ಜಿಗೆ ಇಳಿಯುತ್ತದೆ. ಜಿಯೋಗೆ 2ಜಿ, 3ಜಿ ಎರಡೂ ಇಲ್ಲದ್ದರಿಂದ ಆ ಸಿಮ್ ಇದರಲ್ಲಿ ನಡೆಯದು. ಆದರೂ ಗಮ್ಮು ಎಂಬ ತಂತ್ರಾಂಶದ ಜೊತೆ ಎಸ್‌ಎಂಎಸ್ ಕಳಿಸುವ ಕೆಲಸಕ್ಕೆ ಇಂಥ ಡಾಂಗಲ್ ಇನ್ನೂ ಒದಗುತ್ತದೆ. ಅದಕ್ಕೆ 2ಜಿ ಧಾರಾಳ.