ಇರುಳ ಹಾಡು: ಜಾಸ್ ಸಂಗೀತವೂ ದುರ್ಗದ ಸೀಮೆಯ ಗಣೆಯೂ

ಚಿತ್ರದುರ್ಗದ ಸೀಮೆಯ ಇತಿಹಾಸವನ್ನು ಹೇಳುವಾಗ ಜಾಸ್ ಸಂಗೀತದ ಮಾತನ್ನೆತ್ತಿದರೆ ಶ್ರೋತೃಗಳು ಮುಗುಳ್ನಗುವುದು ಸಹಜವೇ. ಏಳು ಸುತ್ತಿನ ಕೋಟೆ, ಮದಕರಿನಾಯಕ, ಓಬವ್ವನ ಒನಕೆ, ಮಾರಿಕಣಿವೆಯ ಕಟ್ಟೆ, ಇವುಗಳ ನಡುವೆ ಅಮೆರಿಕಾ ದೇಶದ ಮದ್ಯದಂಗಡಿಗಳಲ್ಲಿ ಬೆಳೆದ ಸಂಗೀತಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಿಯಾರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಹೆಂಡದಂಗಡಿಯಿಂದ ಬಂದ ಹಾಡೆಂದರೆ ಮೂಗುಮುರಿಯುವುದು ವಿದ್ಯಾವಂತರಾದ ನಮಗೆ ಅಭ್ಯಾಸವಾಗಿಹೋಗಿದೆ. 1930ರ ದಶಕದಲ್ಲಿ ಜಿ. ಪಿ. ರಾಜರತ್ನಂ ಅವರು ಎಂಡಕುಡುಕ ರತ್ನನ ಬಾಯಲ್ಲಿ ಪದಗಳನ್ನು ನುಡಿಸದೆ ಇದ್ದಿದ್ದರೆ, ಕುಡುಕನಿಗೂ ಒಂದು ಹೃದಯವುಂಟು, ಅದಕ್ಕೊಂದು ಲಯವುಂಟು ಎಂಬುದನ್ನು ನಮ್ಮ ಸಾಹಿತ್ಯಸಭೆಗಳು ಇನ್ನೆಷ್ಟು ಕಾಲ ಒಪ್ಪದೆ ಇರುತ್ತಿದ್ದುವೋ!

ಜಾಸ್ ಸಂಗೀತದ ತಾಯಿಬೇರು ಬ್ಲೂಸ್ ಎಂಬ ಹಾಡಿನಲ್ಲಿದೆ. ಅಮೆರಿಕಾದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿಯೂ ಸಾಲದಿಂದ ಬಿಡುಗಡೆ ಕಾಣದ ಕಪ್ಪುಜನರು ಕಟ್ಟಿದ ಹಾಡು ಅದು. ಹೊಲದಲ್ಲಿ ಒಬ್ಬನು ಕೂಗುವನು, ಉಳಿದವರು ಓಗೊಡುವರು. ಹಗಲೆಲ್ಲ ಹೀಗೆ ದುಡಿದವರು ಶನಿವಾರದ ರಾತ್ರಿ ಊರಹೊರಗಿನ ಹಲಗೆಮನೆಯ ಮದ್ಯದಂಗಡಿಯಲ್ಲಿ ನೆರೆದಾಗ ಅದೇ ಕೂಗು, ಅದೇ ಓಗೊಡುವಿಕೆ ಗಿಟಾರಿನೊಡನೆ ಹಾಡಾಯಿತು. 1903ರ ಸುಮಾರಿನಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ವಾದ್ಯಗಾರನು ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿರಲು, ಹರಕು ಬಟ್ಟೆಯ ಮನುಷ್ಯನೊಬ್ಬನು ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಜಾರಿಸುತ್ತ ಹಾಡುತ್ತಿದ್ದನಂತೆ. ಅಂಥ ವಿಚಿತ್ರ ಸಂಗೀತವನ್ನು ತಾನು ಅದುವರೆಗೆ ಕೇಳಿರಲಿಲ್ಲವೆಂದು ಹ್ಯಾಂಡಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಓದುಬರಹ ಬಲ್ಲ ಸಂಗೀತಗಾರನಿಗೆ ತನ್ನ ಜನರದೇ ಹಾಡು ರೈಲು ನಿಲ್ದಾಣದಲ್ಲಿ ಅಕಸ್ಮಾತ್ತಾಗಿ ಕೇಳಿಬಂತು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು.

ನಮ್ಮ ಗಮನವನ್ನು ಈ ಕಡೆಗೆ ಸೆಳೆದದ್ದು 1930ನೆಯ ವರ್ಷದ ಎರಡು ಗ್ರಾಮಫೋನ್ ತಟ್ಟೆಗಳು. ಆ ವರ್ಷ ಮಿಸಿಸಿಪ್ಪಿಯ ಬಯಲಿನಲ್ಲಿ ಘೋರವಾದ ಬರ ಬಿದ್ದಿತು. ಚಾರ್ಲಿ ಪ್ಯಾಟನ್, ಸನ್ ಹೌಸ್ ಎಂಬಿಬ್ಬರು ಹಾಡುಗಾರರು ಉತ್ತರದ ಗ್ರಾಫ್ಟನ್ ಎಂಬ ಊರಿಗೆ ಹೋಗಿ, ಒಬ್ಬನು ಬತ್ತಿದ ಬಾವಿಯ ಮೇಲೆ, ಇನ್ನೊಬ್ಬನು ಮಳೆಯಿಲ್ಲದ ದಿನಗಳ ಮೇಲೆ ಹಾಡಿ ತಟ್ಟೆಗೆ ಏರಿಸಿದರು. ಆ ತಟ್ಟೆಗಳನ್ನು ಹೊರಡಿಸಿದ ಸಂಸ್ಥೆಯ ಒಡೆತನ ಕುರ್ಚಿಗಳನ್ನು ತಯಾರಿಸುವ ಒಂದು ಕಂಪನಿಯದು. ಪೀಠೋಪಕರಣದ ವ್ಯಾಪಾರಿಗಳು ಒಂದು ಜನಾಂಗದ ಅಳಲನ್ನು ಉಳಿಸಿಕೊಟ್ಟದ್ದು ಇತಿಹಾಸದ ತಮಾಷೆಗಳಲ್ಲೊಂದು. ಬತ್ತಿದ ಬಾವಿಯ ಹಾಡೆಂದೊಡನೆ ನಮಗೆ ನೆನಪಾದದ್ದು ಹಿರಿಯೂರು, ಹೊಸದುರ್ಗಗಳ ಬೀಡುಬಿಟ್ಟ ಕೆರೆಗಳು. ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಹೊತ್ತು, ಮನೆಮನೆಯ ಬಾಗಿಲಲ್ಲಿ ನೀರು ಹುಯ್ಯಿಸಿಕೊಂಡು ಹಾಡುತ್ತ ಸಾಗುವ ಹುಡುಗರು.

ಹಾಡಿನ ಕಟ್ಟಡದಲ್ಲಿಯೂ ಒಂದು ಸೋಜಿಗವಿದೆ. ಬ್ಲೂಸ್ ಹಾಡಿನ ನುಡಿಗೆ ಮೂರು ಸಾಲು. ಮೊದಲ ಸಾಲನ್ನು ಹಾಡಿ, ಅದನ್ನೇ ಎರಡನೆಯ ಸಲ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ಕ್ರಮ. ನಮ್ಮ ತ್ರಿಪದಿಗೂ ಮೂರೇ ಸಾಲು. ಹಾಡುವಾಗ ನಡುವಣ ಸಾಲನ್ನು ಮರಳಿ ಎಳೆದು, ಕೇಳುವವರ ಕಿವಿಗೆ ನಾಲ್ಕಾಗುವಂತೆ ಮಾಡುವರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಮೊದಲ್ಗೊಂಡು ರಾಗಿ ಬೀಸುವ ಹೆಂಗಸರವರೆಗೆ, ಸಾವಿರದ ಮುನ್ನೂರು ವರ್ಷಗಳಷ್ಟು ಕಾಲ ನಡೆದುಬಂದ ಛಂದಸ್ಸು ಇದು. ಇವೆರಡಕ್ಕೂ ನಂಟಿದೆಯೆಂದು ನಾವು ಹೇಳುತ್ತಿಲ್ಲ. ಅಂಥ ನಂಟುಗಳನ್ನು ಹುಡುಕುವ ಪಂಡಿತರು ಬೇರೆ ಇದ್ದಾರೆ. ಆದರೆ ಹೇಳಿದ ಮಾತನ್ನೇ ಮತ್ತೆ ಹೇಳುವುದರಲ್ಲಿ ಒಂದು ಉದ್ದೇಶವುಂಟು. ಮುಂದಿನ ಮಾತನ್ನು ಹೊಸೆಯಲು ಹಾಡುವವನಿಗೆ ಬಿಡುವು ದೊರೆಯುತ್ತದೆ, ಜೊತೆಯವರಿಗೆ ದನಿಗೂಡಿಸಲು ಎಡೆಯಾಗುತ್ತದೆ. ಪುಸ್ತಕದಲ್ಲಿ ಓದುವವನಿಗೆ ಬೇಸರ ತರಿಸುವ ಪುನರುಕ್ತಿಯೇ ಇರುಳಿನ ಕೂಟದಲ್ಲಿ ಹಾಡಿನ ಉಸಿರು.

ಜಾಸ್ ಭಾರತಕ್ಕೆ ಬಂದ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1917ರಲ್ಲಿ ಅದರ ಮೊದಲ ತಟ್ಟೆ ಹೊರಟಿತು. 1935ರಲ್ಲಿ ಲಿಯಾನ್ ಅಬ್ಬೆಯ ತಂಡ ಮುಂಬಯಿಯ ತಾಜ್‌ಮಹಲ್ ಹೋಟೆಲಿನಲ್ಲಿ ನುಡಿಸಿತು. ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಮುಂಬಯಿಯಲ್ಲೂ ಕಲ್ಕತ್ತೆಯಲ್ಲೂ ಹೆಸರು ಗಳಿಸಿ, 1945ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾದಿಂದ ತೀರಿಕೊಂಡನು. ಇವರಿಂದ ಕಲಿತ ಗೋವೆಯ ವಾದ್ಯಗಾರರು ಹಗಲಿನಲ್ಲಿ ಚಲಚ್ಚಿತ್ರದ ವಾದ್ಯಮೇಳಗಳಲ್ಲಿ ದುಡಿದರು. ಚಿಕ್ ಚಾಕಲೇಟ್ ಎಂಬ ತುತ್ತೂರಿಗಾರನು ಸಿ. ರಾಮಚಂದ್ರರೊಡನೆ 1951ರ ‘ಅಲ್‌ಬೇಲಾ’ ಚಿತ್ರಕ್ಕೆ ನುಡಿಸಿದನು. ಹೀಗೆ, ಹೋಟೆಲಿನ ಬಾಗಿಲನ್ನು ಕಂಡರಿಯದ ನಮ್ಮ ತಾಲ್ಲೂಕು ಊರುಗಳಿಗೂ ಟೂರಿಂಗ್ ಟಾಕೀಸಿನ ಡೇರೆಯ ಮೂಲಕ ಜಾಸ್ ಬಂದಿತು. ಹೆಸರನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಕನ್ನಡನಾಡಿನಲ್ಲಿ ಅದರ ವಾದ್ಯಕ್ಕೆ ದೊರೆತ ಮನ್ನಣೆಯಾದರೋ ಅಪೂರ್ವವಾದದ್ದು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗನಾಗಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದರು. ವರ್ಷಗಟ್ಟಲೆ ಸಾಧನೆ ಮಾಡಿ ಗಮಕಗಳನ್ನು ಆ ಹಿತ್ತಾಳೆಯ ಕೊಳವೆಗೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿಯವರು ಅಮೆರಿಕಾದ ಜಾಸ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ತಂದರು. ಜಾಸ್ ವಾದಕನು ರಾಗವನ್ನು ಹುಡುಕಿಕೊಂಡು ಬಂದನೆಂದೂ, ನಮ್ಮ ಮನೋಧರ್ಮವೂ ಅವರ ಸ್ವಚ್ಛಂದ ವಾದನವೂ ಒಂದೇ ಬಳ್ಳಿಯ ಹೂಗಳೆಂದೂ ಪತ್ರಿಕೆಗಳು ಆಗಾಗ ಬರೆಯುತ್ತವೆ. ಮಾತು ಸುಳ್ಳಲ್ಲ. ಆದರೆ ಹೋಲಿಕೆಯನ್ನು ಹುಡುಕಲು ಸಭಾಂಗಣಕ್ಕೇ ಹೋಗುವುದೇಕೆ ಎಂಬುದು ನಮ್ಮ ತಕರಾರು.

ದುರ್ಗದ ಸಂಗೀತವೆಂದರೆ ಓದುಬಲ್ಲವರಿಗೆ ನೆನಪಾಗುವುದು ತ. ರಾ. ಸುಬ್ಬರಾಯರ ‘ಹಂಸಗೀತೆ’. 1952ರಲ್ಲಿ ಪ್ರಕಟವಾಗಿ, 1975ರಲ್ಲಿ ಜಿ. ವಿ. ಅಯ್ಯರ್ ಅವರ ಕೈಯಲ್ಲಿ ಚಲಚ್ಚಿತ್ರವಾದ ಆ ಕಾದಂಬರಿಯ ಭೈರವಿ ವೆಂಕಟಸುಬ್ಬಯ್ಯನು ಟಿಪ್ಪುವಿನ ಮುಂದೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಅರಸು ಮತ್ತು ಕಲಾವಿದ, ಆಸ್ಥಾನ ಮತ್ತು ಅಭಿಮಾನ: ಈ ಚಿತ್ರ ನಮ್ಮ ಮನಸ್ಸಿನಲ್ಲಿ ಎಷ್ಟು ಗಾಢವಾಗಿ ನಿಂತಿದೆಯೆಂದರೆ, 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದಮೇಲೆ ಈ ಸೀಮೆಯಲ್ಲಿ ಸಂಗೀತವೇ ಇರಲಿಲ್ಲವೇನೋ ಎಂಬಂತೆ ನಾವು ಮಾತನಾಡುತ್ತೇವೆ. ಕೋಟೆ ಬಿದ್ದ ರಾತ್ರಿಯೂ ಹಟ್ಟಿಗಳಲ್ಲಿ ದನಗಳು ಕೂಗುತ್ತಿದ್ದುವು. ಗಣೆಗಾರನಿಗೆ ಆಸ್ಥಾನದ ಹಂಗು ಎಂದೂ ಇರಲಿಲ್ಲ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತ ಪ್ರಯಾಣ ಮಾಡಿದವರು ಗೊಲ್ಲರಹಟ್ಟಿ ಎಂಬ ಹೆಸರಿನ ಊರುಗಳನ್ನು ಅಲ್ಲಲ್ಲಿ ಕಂಡಿರಬಹುದು. ಇವು ಕಾಡುಗೊಲ್ಲರ ನೆಲೆಗಳು. ದನಕುರಿಗಳನ್ನು ಸಾಕಿ ಬದುಕಿದ, ಊರಿನಿಂದ ದೂರವಾಗಿ ಮುಳ್ಳುಬೇಲಿಯ ನಡುವೆ ವಾಸಮಾಡಿದ ಜನ. ಇವರ ವೀರ, ಇವರ ದೈವ ಜುಂಜಪ್ಪ. ತುಮಕೂರು ಜಿಲ್ಲೆಯ ಶಿರಾ ಸೀಮೆಯ ಕಳುವರಹಳ್ಳಿಯ ಬಳಿ ಅವನ ಹೆಸರಿನ ಗುಡ್ಡವಿದೆ. ಬರಗಾಲದಲ್ಲಿ ದನಗಳನ್ನು ಹೊಡೆದುಕೊಂಡು ಮೇವು ನೀರುಗಳನ್ನರಸಿ ಹೊರಟವನು, ಸೋದರಮಾವಂದಿರ ಹಗೆಗೆ ತುತ್ತಾದವನು, ವಿಷದಿಂದ ಮಡಿದವನು ಜುಂಜಪ್ಪ. ರಾಜ್ಯಕ್ಕಾಗಿ ಕಾದಿದವನಲ್ಲ, ಮೇವಿಗಾಗಿ ಅಲೆದವನು. ಅವನ ಕೈಯ ವಾದ್ಯವೇ ಗಣೆ. ಅದರ ದನಿಗೆ ಚದುರಿದ ದನಗಳು ಒಟ್ಟುಗೂಡುತ್ತಿದ್ದುವೆಂದು ನಂಬಿಕೆ.

ಗಣೆಯೆಂದರೆ ಉದ್ದನೆಯ ಬಿದಿರಿನ ಕೊಳವೆ. ಕಛೇರಿಯ ಕೊಳಲಿನ ಇಂಪನ್ನು ಬಯಸಿ ಹೋದವನಿಗೆ ಮೊದಲಿಗೆ ನಿರಾಶೆಯಾದೀತು. ಅದರ ದನಿ ತಗ್ಗು. ಉಸಿರಿನ ಸದ್ದು ಸ್ವರದೊಡನೆ ಬೆರೆತಿರುತ್ತದೆ. ದೂರದಲ್ಲಿ ಹಸುವೊಂದು ಕರುವನ್ನು ಕರೆದಂತೆ ಕೇಳಿಸುತ್ತದೆ. ಗಣೆಗಾರನು ಸ್ವಲ್ಪ ಹೊತ್ತು ಊದುವನು, ಆಮೇಲೆ ತುಟಿಯಿಂದ ಗಣೆಯನ್ನು ತೆಗೆದು ಕಾವ್ಯದ ಒಂದು ಭಾಗವನ್ನು ಹಾಡುವನು, ಮತ್ತೆ ಊದುವನು. ಬಾಯಿ ಹೇಳಿದ್ದಕ್ಕೆ ಬಿದಿರು ಉತ್ತರ ಕೊಡುತ್ತದೆ. ಮಿಸಿಸಿಪ್ಪಿಯ ಗಿಟಾರುಗಾರನು ಒಂದು ಸಾಲನ್ನು ಹಾಡಿ, ಮಿಕ್ಕ ಮಾತನ್ನು ತಂತಿಯಿಂದ ಆಡಿಸುತ್ತಿದ್ದುದೂ ಹೀಗೆಯೇ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಹಾಡುವವನಲ್ಲ, ಕೇಳುವವರು. ಕಂಬಳಿ ಹೊದ್ದು ಕುಳಿತ ಮುದುಕರು ಸುಮ್ಮನೆ ಕೇಳುವುದಿಲ್ಲ. ಹೂಂಗುಟ್ಟುವರು, ಎಳೆಯುವ ದನಿಗೆ ದನಿ ಸೇರಿಸುವರು, ಹಾಡುಗಾರನು ಒಂದು ಪ್ರಸಂಗವನ್ನು ಹಾರಿಸಿದರೆ ತಡೆದು ನಿಲ್ಲಿಸುವರು. ಕೊಟ್ಟ ಹಣಕ್ಕೆ ತಕ್ಕ ಕಛೇರಿಯಾಯಿತೇ ಎಂದು ತೂಗುವ ನಮ್ಮಂಥ ರಸಿಕರು ಅಲ್ಲಿಲ್ಲ; ಕಥೆ ಅವರದೇ, ಸತ್ತವನು ಅವರವನೇ.

ಇಷ್ಟು ಹೇಳಿದಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಹಟ್ಟಿಯ ಹಾಡನ್ನು ಹೊಗಳುವ ಭರದಲ್ಲಿ ಹಟ್ಟಿಯ ಬದುಕನ್ನೇ ಸ್ವರ್ಗವೆಂದು ಚಿತ್ರಿಸುವುದು ಪಟ್ಟಣದವರ ಚಾಪಲ್ಯ. ಇದೇ ಬೇಲಿಯ ಆಚೆಗೆ ಬಾಣಂತಿಯರನ್ನೂ ಮುಟ್ಟಾದ ಹೆಂಗಸರನ್ನೂ ಗುಡಿಸಲಿನಲ್ಲಿರಿಸುತ್ತಿದ್ದ ಕಟ್ಟುಪಾಡಿನ ಕ್ರೌರ್ಯ ಸಣ್ಣದಲ್ಲ. ಅದೇ ಸಮುದಾಯದ ಹೆಂಗಸರು ವಾದ್ಯದ ನೆರವಿಲ್ಲದೆ, ಮುಂದಾಳುಗಳು ಹೇಳಿದ್ದನ್ನು ಹಿಂದಿನವರು ಎತ್ತಿಕೊಂಡು, ಹೊತ್ತು ಹೋದದ್ದೇ ಅರಿಯದೆ ಹಾಡಬಲ್ಲರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಕಂಠದಲ್ಲಿ ಸಾವಿರಾರು ಸಾಲುಗಳ ಹಾಡುಗಳಿದ್ದುವು. ಅಕ್ಷರವೊಂದನ್ನೂ ಅರಿಯದ ಆಕೆಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು. ಬ್ಲೂಸ್ ದಾಸ್ಯದ ನೆನಪಿನಿಂದ ಹುಟ್ಟಿತು. ಗಣೆ ದೈವಭಕ್ತಿಯಿಂದ ಹುಟ್ಟಿತು. ಮದ್ಯದಂಗಡಿಯಲ್ಲಿ ಹಾಡಿದವನನ್ನು ಅವನ ಊರಿನ ಪಾದ್ರಿಯೇ ಶಪಿಸುತ್ತಿದ್ದನು. ಹಟ್ಟಿಯಲ್ಲಿ ಹಾಡಿದವನು ದೇವರ ಕೆಲಸವನ್ನೇ ಮಾಡುತ್ತಿದ್ದನು. ಈ ಭೇದಗಳನ್ನು ಅಳಿಸಿ ಎರಡೂ ಒಂದೇ ಎಂದರೆ ಎರಡಕ್ಕೂ ಅನ್ಯಾಯವಾದೀತು.

ಸಂಗ್ರಹದ ಮಾತು ಬಂದಿತಷ್ಟೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಎರಡು ವರ್ಷಗಳ ತರುವಾಯ, 1933ರಲ್ಲಿ, ಜಾನ್ ಲೋಮ್ಯಾಕ್ಸ್ ತನ್ನ ಮಗನೊಡನೆ ಮೋಟಾರಿನಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೇರಿಕೊಂಡು ಅಮೆರಿಕಾದ ದಕ್ಷಿಣದ ಸೆರೆಮನೆಗಳನ್ನು ಸುತ್ತಿ, ಲೆಡ್‌ಬೆಲಿ ಎಂಬ ಕೈದಿಯ ಹಾಡನ್ನು ಹಿಡಿದಿಟ್ಟನು. ಹಲಸಂಗಿಯವರ ಕೈಯಲ್ಲಿದ್ದದ್ದು ಕಾಗದ, ಲೇಖನಿ, ತೀರದ ಪ್ರೀತಿ. ಅವರಿಂದಾಗಿ ನಮಗೆ ನುಡಿ ಉಳಿಯಿತು; ಎಳೆತ, ಏರಿಳಿತ, ಎದುರಿನವಳ ಹೂಂಕಾರ ಉಳಿಯಲಿಲ್ಲ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿಯು ‘ಆಕಾಶವಾಣಿ’ ಎಂಬ ಹೆಸರನ್ನು ದೇಶಕ್ಕೇ ಕೊಟ್ಟಿತೆಂಬುದು ನಮಗೆಲ್ಲ ಹೆಮ್ಮೆ. ಬಾನುಲಿಯಲ್ಲಿ ಹಾಡಿದವನ ದನಿ ಉಳಿಯುತ್ತದೆ, ದೂರಕ್ಕೂ ಹೋಗುತ್ತದೆ. ಆದರೆ ಅವನಿಗೆ ಹೂಂಗುಟ್ಟುವವರು ಯಾರೂ ಇಲ್ಲ. ಈಗ ಮಾತನಾಡುತ್ತಿರುವ ನಮಗೂ ಅದೇ ಅವಸ್ಥೆ: ಶ್ರೋತೃಗಳು ತಲೆದೂಗುತ್ತಿರುವರೋ ತೂಕಡಿಸುತ್ತಿರುವರೋ ತಿಳಿಯುವ ಬಗೆಯಿಲ್ಲ.

ಬೆಂಗಳೂರಿನ ಪಬ್ಬುಗಳಲ್ಲಿ ಜಾಸ್ ರಾತ್ರಿಗಳು ನಡೆಯುತ್ತವೆ. ದುರ್ಗದ ಕಡೆಯ ತರುಣರು ಇನ್ನೂರು ಕಿಲೋಮೀಟರಿನ ಹೆದ್ದಾರಿಯನ್ನು ದಾಟಿ, ಉದ್ಯೋಗನಿಮಿತ್ತ ಅಲ್ಲಿ ನೆಲೆಸಿ, ವಾರಾಂತ್ಯದಲ್ಲಿ ಅವುಗಳನ್ನು ಕೇಳುತ್ತಾರೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಕಿವಿ ತೆರೆಯುವುದು ಎಲ್ಲಿಂದಾದರೂ ಒಳ್ಳೆಯದೇ. ನಮ್ಮ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬನು ಅಂಥದೊಂದು ರಾತ್ರಿಯನ್ನು ಕುರಿತು ಹೇಳಿದ್ದುಂಟು: ನುಡಿಸುವವರು ಸರದಿಯಂತೆ ಒಬ್ಬರಿಗೊಬ್ಬರು ಎಡೆಬಿಡುತ್ತಿದ್ದರಂತೆ, ಕೇಳುವವರು ನಡುನಡುವೆ ಕೂಗಿ ಹುರಿದುಂಬಿಸುತ್ತಿದ್ದರಂತೆ, ತನಗೆ ಅದು ಏನೂ ಹೊಸತೆನಿಸಲಿಲ್ಲವಂತೆ. ಅವನ ಅಜ್ಜ ಗಣೆಗಾರ. ಮೂರು ವರ್ಷ ನಮ್ಮ ಮುಂದೆ ಕುಳಿತು ಇತಿಹಾಸವನ್ನು ಓದಿದ ಆ ಹುಡುಗನನ್ನು ನಾವು ಈ ವಿಷಯವಾಗಿ ಒಮ್ಮೆಯೂ ಕೇಳಿರಲಿಲ್ಲ. ಟಟ್‌ವೈಲರ್ ನಿಲ್ದಾಣದ ಹ್ಯಾಂಡಿಗಾದರೂ ಗಾಡಿ ತಡವಾದದ್ದರಿಂದ ಹಾಡು ಕೇಳಿಸಿತು.

ವೇದಾವತಿಗೆ ಅಡ್ಡವಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದಿತ್ತು. ಮತ್ತೆ ಹರಿದದ್ದು ಎಂಬತ್ತೊಂಬತ್ತು ವರ್ಷಗಳ ಮೇಲೆ, 2022ರಲ್ಲಿ. ಸುದ್ದಿ ಕೇಳಿ ನಾವೂ ಸ್ನೇಹಿತರೊಡನೆ ಹಿರಿಯೂರಿಗೆ ಹೋಗಿದ್ದೆವು. ನೀರನ್ನು ನೋಡಿದೆವು, ಛಾಯಾಚಿತ್ರಗಳನ್ನು ತೆಗೆದೆವು, ಹೋಟೆಲಿನಲ್ಲಿ ಊಟ ಮಾಡಿದೆವು. ಹಿಂದಿರುಗುವಾಗ ಕತ್ತಲಾಗಿತ್ತು. ದಾರಿಯ ಬದಿಯ ಹಟ್ಟಿಯೊಂದರಲ್ಲಿ ದೀಪ ಹಚ್ಚಿ ಜನ ಸೇರಿದ್ದರು. ಯಾರೋ ಹಾಡುತ್ತಿದ್ದಂತೆ ಕಂಡಿತು. ಕಾರಿನ ಗಾಜು ಏರಿಸಿತ್ತು. ಬೆಳಗ್ಗೆ ಮೊದಲ ಗಂಟೆಗೇ ಪಾಠವಿದ್ದುದರಿಂದ ನಾವು ನಿಲ್ಲಲಿಲ್ಲ.