ಚೌಕಟ್ಟುಗಳ ಲೆಕ್ಕ ತಪ್ಪುವುದೇಕೆ?



ಹಲಕುಂದಿಯಿಂದ ಬಳ್ಳಾರಿಗೆ ಬಸ್ಸು ಜೋರಾಗಿ ಓಡಿದರೆ ಬೇಗ ತಲುಪುತ್ತೀರಿ, ನಿಧಾನವಾದರೆ ತಡವಾಗುತ್ತದೆ. ದಾರಿಯ ಉದ್ದ ಮಾತ್ರ ಬದಲಾಗುವುದಿಲ್ಲ. ಚಲನಚಿತ್ರದ ಲೆಕ್ಕವೂ ಹೀಗೆಯೇ. ಚೌಕಟ್ಟುಗಳು, ಅಂದರೆ ಫ್ರೇಮುಗಳು, ದಾರಿಯಿದ್ದಂತೆ; ಅವು ಓಡುವ ದರ ಬಸ್ಸಿನ ವೇಗವಿದ್ದಂತೆ. ಒಂದೇ ಡಿಜಿಟಲ್ ಚಿತ್ರಕ್ಕೆ ಎರಡು ತಂತ್ರಾಂಶಗಳು ಎರಡು ಫ್ರೇಮ್ ಸಂಖ್ಯೆ ತೋರಿಸಿದರೆ ಫೈಲು ಕೆಟ್ಟಿತೆಂದು ಗಾಬರಿಯಾಗಬೇಡಿ. ಈ ಗೊಂದಲದ ಬೇರು ಚರಿತ್ರೆಯಲ್ಲಿದೆ.

1913ರಲ್ಲಿ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ' ತಯಾರಿಸಿದ ಕಾಲದಲ್ಲಿ ಕ್ಯಾಮರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಚೌಕಟ್ಟು. ಕೈ ಬದಲಾದಂತೆ ವೇಗವೂ ಬದಲು. ವಾಕ್ಚಿತ್ರ ಬಂದಾಗ ಇದು ನಡೆಯಲಿಲ್ಲ. ವೇಗ ಏರಿಳಿದರೆ ಧ್ವನಿಯೂ ಏರಿಳಿಯುತ್ತದಲ್ಲವೇ? ಆದ್ದರಿಂದ 24 ಎಂಬ ದರ ಸ್ಥಿರವಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934), ನಮ್ಮ ಬಳ್ಳಾರಿ ರಾಘವರು ನಟಿಸಿದ ತೆಲುಗು ಚಿತ್ರ 'ರೈತು ಬಿಡ್ಡ' (1939) ಈ ಯುಗದವು.

ಟೆಲಿವಿಷನ್ ಬೇರೆ ದಾರಿ ಹಿಡಿಯಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅದಕ್ಕೆ ಹೊಂದುವಂತೆ ಇಲ್ಲಿ 25 ಚೌಕಟ್ಟುಗಳ ಪದ್ಧತಿ ಬಂತು. ಪ್ರತಿ ಚೌಕಟ್ಟೂ ಎರಡು ಅರ್ಧಚಿತ್ರಗಳಾಗಿ ಬರುತ್ತಿತ್ತು. ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಚೌಕಟ್ಟುಗಳು. 25ರ ದರದಲ್ಲಿ ಓಡಿಸಿದರೆ ಅದು 144 ನಿಮಿಷಕ್ಕೇ ಮುಗಿಯುತ್ತದೆ. ಆರು ನಿಮಿಷ ಉಳಿಯಿತು, ಆದರೆ ಒಂದು ಚೌಕಟ್ಟೂ ಕಳೆಯಲಿಲ್ಲ!

ಅಮೆರಿಕದಲ್ಲಿ 30 ಇದ್ದ ದರವನ್ನು 1953ರಲ್ಲಿ ಬಣ್ಣದ ಪ್ರಸಾರಕ್ಕಾಗಿ ಸುಮಾರು 29.97ಕ್ಕೆ ಇಳಿಸಿದರು. ಅದನ್ನು 30 ಎಂದೇ ಗುಣಿಸಿದವರಿಗೆ ಗಂಟೆಗೆ 108 ಚೌಕಟ್ಟು ಹೆಚ್ಚು ಸಿಗುತ್ತದೆ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲು ಫೈಲಿನ ನಿಖರ ದರ ನೋಡಿ. ತಂತ್ರಾಂಶ ಪೂರ್ಣ ಚೌಕಟ್ಟನ್ನು ಎಣಿಸುತ್ತಿದೆಯೋ ಅರ್ಧಚಿತ್ರವನ್ನೋ ವಿಚಾರಿಸಿ; ಎರಡನೆಯದಾದರೆ ಸಂಖ್ಯೆ ಇಮ್ಮಡಿಯಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದ ದರ ಮಂದ ಬೆಳಕಿನಲ್ಲಿ ಇಳಿಯಬಹುದು. ಅಲ್ಲಿ ಸಮಯವನ್ನು ದರದಿಂದ ಗುಣಿಸಿದ ಲೆಕ್ಕ ನಿಲ್ಲದು. ಕಡೆಗೆ, ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಚೌಕಟ್ಟನ್ನೂ ಬಿಡಿಸಿ ಎಣಿಸಿದ ಸಂಖ್ಯೆಯನ್ನೇ ನಂಬಿ.

ಇದು ಬರಿಯ ಅಂಕಿಗಳ ಆಟವಲ್ಲ. 'ಸತಿ ಸುಲೋಚನಾ'ದ ಪ್ರತಿ ಇಂದು ಉಳಿದಿಲ್ಲ. ಉಳಿದ ಹಳೆಯ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ, ಲೆಕ್ಕ ಹೊಂದಲಿಲ್ಲವೆಂದು ಚೌಕಟ್ಟು ಕಿತ್ತರೆ ನಟನೊಬ್ಬನ ಕಣ್ಣಿನ ಚಲನೆಯೇ ಹೋದೀತು. ನಾಳೆ ಆ ಕೆಲಸ ನಿಮ್ಮ ಕೈಗೂ ಬರಬಹುದು. ಆಗ ಮೂಲಪ್ರತಿಯನ್ನು ಮುಟ್ಟದಿರಿ. ಮೊದಲು ಎಣಿಸಿ, ಆಮೇಲೆ ತಿದ್ದಿ.