ಒಲೆ ಹೊತ್ತ ಬಂಡಿ: ಕೃಷ್ಣಾ ತೀರದ ಹಿರಿಯ ದಂಪತಿಗಳ ಯಾತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಒಕ್ಕಲು ಮನೆತನಗಳಲ್ಲಿ ದೇಶ ಸುತ್ತುವುದು ಬಹುಕಾಲ ಮುಪ್ಪಿನವರ ಹಕ್ಕಾಗಿತ್ತು. ಹರೆಯದವರನ್ನು ಹೊಲ, ದನ, ಎಳೆಯ ಮಕ್ಕಳು ಕಟ್ಟಿಹಾಕಿರುತ್ತಿದ್ದವು. ಮಗ ಯಜಮಾನಿಕೆ ವಹಿಸಿಕೊಂಡು, ಮನೆಯ ಕೀಲಿಕೈ ಸೊಸೆಯ ಕೈಗೆ ಹೋದ ಮೇಲೆ ಗಂಡ ಹೆಂಡತಿ ಜೋಡಿಯಾಗಿ ಜಾತ್ರೆಗೆ, ಪಂಢರಪುರದ ವಾರಿಗೆ, ಕಾಶಿಗೆ ಹೊರಡುತ್ತಿದ್ದರು. ಪಿಂಚಣಿ ಪಡೆವ ನೌಕರ ಈ ಭಾಗದಲ್ಲಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದ್ದ ವಾಡಿಕೆ ಇದು. ಇದನ್ನು ಭಕ್ತಿಯ ಲೆಕ್ಕಕ್ಕೆ ಮಾತ್ರ ಬರೆದು ಬಿಡುವುದು ಸಾಲದು. ವರ್ಷಕ್ಕೊಮ್ಮೆ ವಾರಗಟ್ಟಲೆ ಮನೆಯ ಹೊರಗೆ, ತಮ್ಮದೇ ಒಲೆ ಹಾಸಿಗೆಗಳ ಜೊತೆ ಬದುಕುವ ಒಂದು ಕ್ರಮವನ್ನೇ ಅದು ಕಟ್ಟಿಕೊಟ್ಟಿತು.

ದಾರಿಗಳು ನಾಲ್ಕೂ ದಿಕ್ಕಿಗಿದ್ದವು. ಈಶಾನ್ಯಕ್ಕೆ ಪಂಢರಪುರ, ಪಡುವಲಿಗೆ ಕೊಲ್ಹಾಪುರದ ಮಹಾಲಕ್ಷ್ಮಿ ಮತ್ತು ವಾಡಿ ರತ್ನಾಗಿರಿಯ ಜ್ಯೋತಿಬಾ, ತೆಂಕಲಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಮೂಡಲಿಗೆ ದೂರದ ಶ್ರೀಶೈಲ. ಸೀಮೆಯೊಳಗೇ ಚಿಂಚಲಿಯ ಮಾಯಕ್ಕ, ಕೃಷ್ಣೆಯ ದಂಡೆಯ ಯಡೂರಿನ ವೀರಭದ್ರ, ಕೊಕಟನೂರಿನ ಎಲ್ಲಮ್ಮ, ನಿಪ್ಪಾಣಿ ಬಳಿಯ ಜೈನ ಕ್ಷೇತ್ರ ಸ್ತವನಿಧಿ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು, ಇನ್ನು ಹಲವು ಹಳ್ಳಿಗಳು ಪಟವರ್ಧನ ಮನೆತನಗಳ ಸಣ್ಣ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದವು. ಒಂದು ಜಾತ್ರೆ ಮುಗಿಸಿ ಬರುವಷ್ಟರಲ್ಲಿ ಯಾತ್ರಿಕ ಎರಡು ಮೂರು ಆಳ್ವಿಕೆಗಳ ನೆಲ ದಾಟಿರುತ್ತಿದ್ದ. ಭಾಷೆಯೂ ಹಾಗೆಯೇ. ಕನ್ನಡದ ಮನೆಯಲ್ಲಿ ಮರಾಠಿ ಅಭಂಗ, ಮರಾಠಿ ಮನೆಯಲ್ಲಿ ಕನ್ನಡದ ದೇವಿ ಇರುವುದು ಇಲ್ಲಿ ಯಾರಿಗೂ ಸೋಜಿಗವಲ್ಲ.

ಈ ಯಾತ್ರೆಗಳ ಮೂಲ ವಾಹನ ಎತ್ತಿನ ಬಂಡಿ. ಗೊಬ್ಬರ, ಕಾಳು ಹೇರುವ ಚಕ್ಕಡಿಯ ಮೇಲೆಯೇ ಬಿದಿರಿನ ಕಮಾನು ಕಟ್ಟಿ, ಚಾಪೆಯನ್ನೋ ಕಂಬಳಿಯನ್ನೋ ಹೊದಿಸಿದರೆ ಕೊಲ್ಹಾರಿ ಬಂಡಿ ಸಿದ್ಧ. ಹೊರಡುವ ಮುನ್ನ ಬಡಿಗನೂ ಕಂಬಾರನೂ ಅದನ್ನು ನೋಡಲೇಬೇಕಿತ್ತು. ಸಡಿಲಾದ ಅರ ಬಿಗಿಯಾಗಬೇಕು, ಸವೆದ ಕಬ್ಬಿಣದ ಹಳಿ ಕಾಯಿಸಿ ಗಾಲಿಗೆ ಕೂಡಿಸಬೇಕು, ಕಡಾಣಿ ಭದ್ರವಾಗಿರಬೇಕು. ಬಂಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟ, ಕಂದೀಲು ನೇತಾಡುತ್ತಿದ್ದವು. ಎಳೆಯುವುದಕ್ಕೆ ಖಿಲ್ಲಾರಿ ತಳಿಯ ಎತ್ತುಗಳು: ಬಿಳಿ ಮೈ, ಉದ್ದ ಕೋಡು, ಚುರುಕು ನಡೆ. ಜಾತ್ರೆಯ ಬಂಡಿಯ ಎತ್ತಿಗೆ ಜೂಲು, ಕೊಂಬೆಣಸು, ಗೆಜ್ಜೆಸರ ಇಲ್ಲದಿದ್ದರೆ ಮನೆತನಕ್ಕೇ ಕುಂದು.

ಬಂಡಿಯೊಳಗಿನ ಏರ್ಪಾಡು ತುಂಬ ಜಾಣತನದ್ದು. ತಳಕ್ಕೆ ಜೋಳದ ಕಣಿಕೆ ಹರವಿ ಅದರ ಮೇಲೆ ಕೌದಿ ಹಾಸುತ್ತಿದ್ದರು. ಅದೇ ಮುದಿ ದಂಪತಿಗೆ ಮೆತ್ತೆ, ಅದೇ ಎತ್ತಿಗೆ ಮೇವು. ಎತ್ತು ಮೇಯ್ದಂತೆ ಮೆತ್ತೆ ತೆಳುವಾಗಿ, ಮುಂದಿನ ಊರಿನಲ್ಲಿ ಕಣಿಕೆ ಕೊಂಡಾಗ ಮತ್ತೆ ದಪ್ಪಗಾಗುತ್ತಿತ್ತು. ಹಿಂಬದಿಯಲ್ಲಿ ಹಿಟ್ಟಿನ ಚೀಲ, ಹಂಚು, ಪರಾತ, ಕೊಡ, ಒಂದಿಷ್ಟು ಕುಳ್ಳು. ಬುತ್ತಿಯಲ್ಲಿ ತಿಂಗಳಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳಿನ ಚಟ್ನಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಮಾದಲಿ. ಭಾರದ ಬಂಡಿ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ಸಾಗಿದರೆ ಹೆಚ್ಚು. ಬೆಳಗಿನ ತಂಪಿನಲ್ಲಿ ಒಂದು ಹಂತ, ಇಳಿಹೊತ್ತಿನಲ್ಲಿ ಇನ್ನೊಂದು. ನಡುವೆ ನೀರಿರುವ ಹಳ್ಳವೋ ಬಾವಿಯೋ ಕಂಡ ತೋಪಿನಲ್ಲಿ ನೊಗ ಇಳಿಸಿ, ಮೂರು ಕಲ್ಲಿನ ಒಲೆ ಹೂಡುತ್ತಿದ್ದರು. ಎಲ್ಲಿ ತಂಗಬೇಕೆಂದು ತೀರ್ಮಾನಿಸುತ್ತಿದ್ದುದು ಎತ್ತಿನ ನೀರಡಿಕೆ ಮತ್ತು ಒಲೆಯ ಹೊತ್ತು.

ಬಂಡಿ ಹೊಡೆಯುವವನು ಸಾಮಾನ್ಯವಾಗಿ ಕಿರಿಮಗ, ಮೊಮ್ಮಗ ಅಥವಾ ಆಳುಮಗ. ಅಜ್ಜ ಅಜ್ಜಿ ಕುಳಿತು ಹೋಗುವವರು. ಆದರೆ ಒಲೆಯ ಮುಂದೆ ಅಜ್ಜಿಗೆ ಬಿಡುವಿರಲಿಲ್ಲ. ಮನೆಯಲ್ಲಿ ಸೊಸೆಗೆ ಬಿಟ್ಟುಕೊಟ್ಟ ಅಡುಗೆ ದಾರಿಯಲ್ಲಿ ಮತ್ತೆ ಅವಳ ಪಾಲಿಗೇ ಬರುತ್ತಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು: ಬಂಡಿ ಎಲ್ಲರದಲ್ಲ. ಸ್ವಂತ ಎತ್ತಿಲ್ಲದವರು, ಕೂಲಿಯವರು, ಗಂಡ ಸತ್ತ ಹೆಂಗಸರು ನೆರೆಯವರ ಬಂಡಿಯ ಹಿಂದೆ ನಡೆದೇ ಹೋಗುತ್ತಿದ್ದರು, ಕಾಲು ಸೋತಾಗಷ್ಟೇ ಹತ್ತುತ್ತಿದ್ದರು. ಅಂಥ ನಡಿಗೆಯವರ ಕಾಲಲ್ಲಿದ್ದುದು ಅಥಣಿ, ನಿಪ್ಪಾಣಿ ಕಡೆಯ ಚರ್ಮಕಾರರು ಹೊಲಿದ ಗಟ್ಟಿ ಚಪ್ಪಲಿ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದರ ಹಕ್ಕು ಸಿಕ್ಕಿತು.

ಬಂಡಿ ಯಾತ್ರೆಯ ಕಾಲವನ್ನು ಬೆಳೆಯೇ ಗೊತ್ತುಮಾಡಿತ್ತು. ಮುಂಗಾರಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ತುಂಬಿ ಹರಿದರೆ ಬಂಡಿಯ ದಾರಿ ಮುಚ್ಚುತ್ತದೆ, ಎರೆಮಣ್ಣಿನಲ್ಲಿ ಗಾಲಿ ಹೂತು ಹೋಗುತ್ತದೆ. ಹಿಂಗಾರಿ ಜೋಳ ಕೈಗೆ ಬರುವ ಮಾಘದಿಂದ ಚೈತ್ರದವರೆಗೆ ನೆಲ ಒಣಗಿರುತ್ತದೆ, ಹೊಸ ಮೇವು ಇರುತ್ತದೆ, ಎತ್ತಿಗೂ ಬಿಡುವಿರುತ್ತದೆ. ದೊಡ್ಡ ಬಂಡಿ ಜಾತ್ರೆಗಳು ಈ ತಿಂಗಳುಗಳಲ್ಲೇ ಕೂಡಿಬಂದದ್ದು ಆಕಸ್ಮಿಕವಲ್ಲ. ಅವುಗಳಲ್ಲಿ ದೊಡ್ಡದು ರಾಯಬಾಗ ತಾಲ್ಲೂಕಿನ ಚಿಂಚಲಿಯದು. ಮಾಘದ ಭಾರತ ಹುಣ್ಣಿಮೆಯ ಆಸುಪಾಸಿಗೆ ಕರ್ನಾಟಕ, ಮಹಾರಾಷ್ಟ್ರಗಳ ಬಂಡಿಗಳು ಊರ ಸುತ್ತಲಿನ ಹೊಲಗಳಲ್ಲಿ ಬೀಡುಬಿಡುತ್ತವೆ. ಕುರುಬರು, ಧನಗರರು ಹೆಚ್ಚಿದ್ದರೂ ಎಲ್ಲ ಜಾತಿಯವರೂ ಬರುತ್ತಾರೆ. ಬಂಡಿಯ ಪಕ್ಕದಲ್ಲೇ ಒಲೆ ಹೂಡಿ ಹೋಳಿಗೆ ಬೇಯಿಸಿ ದೇವಿಗೆ ಎಡೆ ಹಿಡಿದು, ಭಂಡಾರ ಹಾರಿಸಿ, ಹಲವು ದಿನ ಅಲ್ಲಿಯೇ ಉಳಿಯುವುದು ರೂಢಿ. ಆ ದಿನಗಳಲ್ಲಿ ಹೊಲಗಳ ನಡುವೆ ಎದ್ದು ನಿಲ್ಲುವುದು ಒಂದು ಪಟ್ಟಣವೇ: ಊರಿಗೊಂದು ಸಾಲು, ಸಾಲಿಗೊಬ್ಬ ಹಿರಿಯ, ಬಂಡಿಗೊಂದು ಒಲೆ. ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ಕಾಣುವುದು, ಹೊಸ ಸಂಬಂಧದ ಮಾತೆತ್ತುವುದು, ಎತ್ತು ಕೊಳ್ಳುವುದು ಮಾರುವುದು ಎಲ್ಲವೂ ಅಲ್ಲಿಯೇ ನಡೆಯುತ್ತಿತ್ತು. ಮಕ್ಕಳ ಮೇಲೆ ಯಜಮಾನಿಕೆ ಬಿಟ್ಟ ಹಿರಿಯರಿಗೆ ಆ ಬಂಡಿಸಾಲಿನಲ್ಲಿ ಮಾತ್ರ ಹಳೆಯ ಮರ್ಯಾದೆ ಮರಳಿ ಸಿಗುತ್ತಿತ್ತು.

ಪಂಢರಪುರದ ವಾರಿಯದು ಬೇರೆಯೇ ಕ್ರಮ. ಆಷಾಢ ಏಕಾದಶಿ ಮಳೆಗಾಲದ ನಡುವೆ ಬರುವುದರಿಂದ ಅಲ್ಲಿ ನಡಿಗೆಯೇ ಮುಖ್ಯ. ಈ ವಾರಿಯ ಇತಿಹಾಸದಲ್ಲಿ ಚಿಕ್ಕೋಡಿ ತಾಲ್ಲೂಕಿನ ಅಂಕಲಿಗೆ ದೊಡ್ಡ ಪಾಲಿದೆ. ಸಾತಾರಾ ಜಿಲ್ಲೆಯ ಆರಫಳದ ಹೈಬತಬಾಬಾ ಗ್ವಾಲಿಯರಿನ ಶಿಂದೆ ದರಬಾರಿನಲ್ಲಿ ಸರದಾರರಾಗಿದ್ದವರು. ಸೇವೆ ಬಿಟ್ಟು ಬಂದ ಮೇಲೆ ಆಳಂದಿಯಲ್ಲಿ ನೆಲೆಸಿ, 1830ರ ದಶಕದಲ್ಲಿ ಜ್ಞಾನೇಶ್ವರರ ಪಾಲಕಿಯನ್ನು ಈಗಿನ ರೂಪಕ್ಕೆ ತಂದರು. ಅದಕ್ಕೆ ಕುದುರೆ, ಡೇರೆಗಳನ್ನು ಒದಗಿಸಿದವರು ಅಂಕಲಿಯ ಶಿತೋಳೆ ಸರದಾರರು. ಇಂದಿಗೂ ಪ್ರತಿವರ್ಷ ಎರಡು ಕುದುರೆಗಳು ಅಂಕಲಿಯಿಂದ ಹೊರಟು, ಮುನ್ನೂರು ಕಿಲೋಮೀಟರಿನಷ್ಟು ದಾರಿಯನ್ನು ನಡೆದೇ ಆಳಂದಿ ಸೇರುತ್ತವೆ. ಪಾಲಕಿಯ ಮುಂದೆ ಒಂದರ ಮೇಲೆ ಧ್ವಜ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಬೆನ್ನು ಬರಿದಾಗಿರುತ್ತದೆ, ಅದರ ಮೇಲೆ ಮೌಲಿ, ಅಂದರೆ ಜ್ಞಾನೇಶ್ವರರೇ, ಕುಳಿತಿದ್ದಾರೆಂದು ವಾರಕರಿಗಳ ನಂಬಿಕೆ. ನೌಕರಿ ಮುಗಿಸಿದ ಒಬ್ಬ ಸೇನಾನಿ ತನ್ನ ಪಾಳೆಯದ ಶಿಸ್ತನ್ನು ಯಾತ್ರೆಗೆ ತಂದದ್ದರಿಂದ ಡೇರೆ, ತಂಗುದಾಣ, ಸರದಿ ಎಲ್ಲವೂ ಗೊತ್ತಾದವು. ಇಳಿವಯಸ್ಸಿನವರು ಇಷ್ಟು ದೂರ ನಡೆಯಲು ಆ ಶಿಸ್ತೂ ನೆರವಾಯಿತು.

ವಾರಿಯಲ್ಲಿ ದಂಪತಿಗಳಿಗೆ ವಿಶೇಷ ಸ್ಥಾನವಿದೆ. ಗಂಡನ ಹೆಗಲಿಗೆ ಪತಾಕೆ, ಹೆಂಡತಿಯ ತಲೆಯ ಮೇಲೆ ತುಳಸಿ ವೃಂದಾವನ, ಇದು ದಿಂಡಿಯ, ಅಂದರೆ ವಾರಕರಿಗಳ ತಂಡದ, ಪರಿಚಿತ ನೋಟ. ಏಕಾದಶಿಯ ನಸುಕಿನಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಮಾಡುವ ಮಹಾಪೂಜೆಗೆ, ದರ್ಶನದ ಸರದಿಯಲ್ಲಿ ನಿಂತ ಒಂದು ದಂಪತಿಯನ್ನು ಮಾನದ ವಾರಕರಿಗಳೆಂದು ಕರೆದು ಜೊತೆಗೆ ಕೂರಿಸುತ್ತಾರೆ. ಅವರಿಗೆ ಒಂದು ವರ್ಷ ಎಸ್‌ಟಿ ಬಸ್ಸುಗಳಲ್ಲಿ ಪುಕ್ಕಟೆ ಓಡಾಡುವ ಪಾಸು ಸಿಗುತ್ತದೆ. ಈಗ ದಿಂಡಿಗಳ ಅಡುಗೆಮನೆ ಲಾರಿ ಏರಿದೆ. ಹಿಟ್ಟು, ಪಾತ್ರೆ, ಡೇರೆ ಹೊತ್ತ ಲಾರಿ ಮುಂದೆ ಹೋಗಿ ಒಲೆ ಹಚ್ಚುತ್ತದೆ, ನಡೆಯುವವರು ಹಿಂದಿನಿಂದ ಬಂದು ಉಣ್ಣುತ್ತಾರೆ.

ಯುಗಾದಿಗೆ ಶ್ರೀಶೈಲ ಮುಟ್ಟುವ ಪಾದಯಾತ್ರೆಯೂ ಇದೇ ಜಾತಿಯದು. ಕಂಬಿ ಹೊತ್ತ ಭಕ್ತರು ವಿಜಯಪುರ, ಬಾಗಲಕೋಟೆ ಸೀಮೆಗಳನ್ನು ದಾಟಿ ನಲ್ಲಮಲದ ಕಾಡಿನ ಮೂಲಕ ಹೋಗುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ದಾರಿಯುದ್ದಕ್ಕೂ ಊರುಗಳು ದಾಸೋಹ ಇಡುವುದರಿಂದ ಇಲ್ಲಿ ಒಲೆ ಹೊರುವ ಅಗತ್ಯ ಕಡಿಮೆ.

ಜೈನ ಮನೆತನಗಳಲ್ಲಿ ಇದೇ ವಾಡಿಕೆ ಬೇರೊಂದು ಎತ್ತರಕ್ಕೆ ಹೋಯಿತು. ವೇದಗಂಗೆ, ದೂಧಗಂಗೆಗಳು ಕೂಡುವ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು 1927ರಲ್ಲಿ ಕುಂಭೋಜದ ಬಾಹುಬಲಿಯಿಂದ ಸಮ್ಮೇದ ಶಿಖರಜಿಗೆ ಸಂಘ ಸಮೇತ ಹೊರಟರು. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ವಿದ್ಯಾನಂದರು, ಸದಲಗಾದಲ್ಲಿ ಬೆಳೆದ ವಿದ್ಯಾಸಾಗರರು ಉತ್ತರ ಭಾರತದ ಹಲವೆಡೆ ಕಾಲ್ನಡಿಗೆಯಲ್ಲೇ ಸುತ್ತಿದರು. ಮುನಿಗಳು ವಾಹನ ಏರುವುದಿಲ್ಲ, ಒಲೆ ಹಚ್ಚುವುದಿಲ್ಲ, ದಿನಕ್ಕೊಮ್ಮೆ ಗೃಹಸ್ಥರು ಕೊಟ್ಟದ್ದನ್ನು ಅಂಗೈಯಲ್ಲಿ ಉಣ್ಣುತ್ತಾರೆ. ಹಾಗಾಗಿ ವಿಹಾರದ ದಾರಿಯಲ್ಲಿ ಶ್ರಾವಕರು ಚೌಕ ಹಾಕಬೇಕು: ಬಾವಿಯ ನೀರು ಸೋಸಿ, ಕಾಳು ಆರಿಸಿ, ಶುದ್ಧ ಬಟ್ಟೆಯಲ್ಲಿ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಲ್ಲಿ ನಿಂತು ಮುನಿಗಳನ್ನು ಬರಮಾಡಿಕೊಳ್ಳಬೇಕು. ಮನೆಯ ಹೊಣೆ ಕಳೆದ ಹಿರಿಯ ಗಂಡಹೆಂಡಿರು ಚೌಕದ ಸಾಮಾನು ಕಟ್ಟಿಕೊಂಡು ಸಂಘದ ಜೊತೆ ತಿಂಗಳುಗಟ್ಟಲೆ ಇರುವುದು ಈ ಸೀಮೆಯಲ್ಲಿ ಸಾಮಾನ್ಯ. ವಿದ್ಯಾಸಾಗರರ ತಂದೆ ಮಲ್ಲಪ್ಪ, ತಾಯಿ ಶ್ರೀಮಂತಿ ಇನ್ನೂ ಮುಂದೆ ಹೋಗಿ ತಾವೂ ದೀಕ್ಷೆ ಪಡೆದರು. ಆತ ಮುನಿ ಮಲ್ಲಿಸಾಗರ, ಆಕೆ ಆರ್ಯಿಕಾ ಸಮಯಮತಿ ಎನಿಸಿ, ದಂಪತಿತನವನ್ನೇ ತೊರೆದು ದೇಶ ನಡೆದರು.

ರೈಲು ಬಂದದ್ದು ದೂರದ ಯಾತ್ರೆಯ ಅರ್ಥವನ್ನೇ ಬದಲಿಸಿತು. ಸದರ್ನ್ ಮರಾಠಾ ರೈಲ್ವೆಯ ಪುಣೆ–ಮಿರಜ–ಬೆಳಗಾವಿ ಮಾರ್ಗ 1890ರ ಹೊತ್ತಿಗೆ ಸಿದ್ಧವಾಗಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳಿಗೆ ನಿಲ್ದಾಣ ಸಿಕ್ಕಿತು. ಅಥಣಿ, ನಿಪ್ಪಾಣಿಗಳಿಗೆ ರೈಲು ಬರಲಿಲ್ಲ. ಅಲ್ಲಿನವರು ನಿಲ್ದಾಣದವರೆಗೆ ಬಂಡಿಯಲ್ಲೇ ಹೋದರು. ಮೊದಲು ಕಾಶಿಗೆ ಹೊರಟವರು ಮರಳುವ ಭರವಸೆ ಇರಲಿಲ್ಲ, ಆಸ್ತಿ ಹಂಚಿ, ಬಂಧುಗಳಿಗೆ ಕೈಮುಗಿದು ಹೊರಡುತ್ತಿದ್ದರು. ರೈಲಿನಿಂದ ಅದು ಕೆಲವೇ ವಾರಗಳ ಪಯಣವಾಯಿತು. ಲಿಂಗವಂತ ದಂಪತಿಗಳು ಕಾಶಿಯ ಜಂಗಮವಾಡಿ ಮಠದಲ್ಲಿ ಇಳಿದು, ಗಂಗೆ ತಂದು, ಊರಿಗೆ ಊಟ ಹಾಕಿ ಸಮಾರಾಧನೆ ಮಾಡತೊಡಗಿದರು. 1927ರಲ್ಲಿ ಬಾರ್ಶಿ ಲೈಟ್ ರೈಲ್ವೆಯ ಸಣ್ಣ ಗಾಡಿ ಮಿರಜಕ್ಕೆ ಬಂದಾಗ ಪಂಢರಪುರವೂ ರೈಲಿಗೆ ಸಿಕ್ಕಿತು. ಆದರೆ ರೈಲಿನಲ್ಲಿ ಒಲೆ ಹಚ್ಚುವಂತಿಲ್ಲ. ಬುತ್ತಿ ಉಳಿಯಿತು, ಅಡುಗೆಮನೆ ಹೋಯಿತು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪಂಢರಪುರ, ಜ್ಯೋತಿಬಾ ಬೇರೆ ರಾಜ್ಯದವಾದವು. ಬಸ್ಸುಗಳು ಗಡಿ ದಾಟುತ್ತಲೇ ಇದ್ದುದರಿಂದ ಯಾತ್ರೆ ನಿಲ್ಲಲಿಲ್ಲ. ಕೃಷ್ಣೆಯ ನೀರಾವರಿ, ಕಬ್ಬು, 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಮತ್ತು ಆಮೇಲಿನ ಸಹಕಾರಿ ಕಾರ್ಖಾನೆಗಳು ಸೀಮೆಯ ಕೈಗೆ ಹಣ ಕೊಟ್ಟವು, ಟ್ರ್ಯಾಕ್ಟರ್ ಕೊಟ್ಟವು. ಅದೇ ಕಬ್ಬು ಇನ್ನೊಂದು ಬಗೆಯ ಬಂಡಿ ಬದುಕನ್ನೂ ಇಲ್ಲಿಗೆ ತಂದಿತು. ಮರಾಠವಾಡದ ಬೀಡ ಮೊದಲಾದ ಬರದ ನಾಡುಗಳಿಂದ ಕಬ್ಬು ಕಡಿಯಲು ಬರುವ ಗಂಡಹೆಂಡಿರ ಜೋಡಿಗೆ ‘ಕೊಯ್ತಾ’ ಎಂದೇ ಲೆಕ್ಕ. ಅವರು ಎತ್ತು, ಮಕ್ಕಳು, ಪಾತ್ರೆಗಳೊಡನೆ ಹಂಗಾಮು ಮುಗಿಯುವವರೆಗೆ ಗುಡಿಸಲಲ್ಲಿ ಕಳೆಯುತ್ತಾರೆ. ಒಂದೇ ದಾರಿಯಲ್ಲಿ ಎರಡು ಬಂಡಿ. ಒಂದಕ್ಕೆ ಹೊಟ್ಟೆಪಾಡು, ಇನ್ನೊಂದಕ್ಕೆ ಬಿಡುವು. ಈ ಸೀಮೆಯ ಸಂಚಾರದ ಇತಿಹಾಸದಲ್ಲಿ ಆ ಕೂಲಿ ದಂಪತಿಗಳಿಗೂ ಪುಟ ಇರಬೇಕು.

ಚಿಂಚಲಿ, ಸವದತ್ತಿಗಳಿಗೆ ಈಗ ಹೆಚ್ಚಾಗಿ ಹೋಗುವುದು ಟ್ರ್ಯಾಕ್ಟರಿನ ಟ್ರೇಲರು, ಟೆಂಪೊ. ತಾಡಪತ್ರಿಯ ಚಾವಣಿ, ಗ್ಯಾಸಿನ ಒಲೆ, ನೀರಿನ ಡ್ರಮ್ಮು ಇವೆ. ಬಂಡಿ ಒಂದು ಮನೆಯದಾಗಿತ್ತು, ಟ್ರೇಲರು ಓಣಿಯದು. ದಂಪತಿಗೆ ತಮ್ಮದೆಂಬ ಮೂಲೆ ಉಳಿದಿಲ್ಲ. ದೂರದ ಕ್ಷೇತ್ರಗಳಿಗೆ ಯಾತ್ರಾ ಬಸ್ಸುಗಳು ಅಡುಗೆಯವರನ್ನೂ ಸಿಲಿಂಡರನ್ನೂ ಹೊತ್ತು ಹೊರಡುತ್ತವೆ. ರೊಟ್ಟಿ ಬಡಿಯುವ ಕೆಲಸ ಅಜ್ಜಿಯ ಕೈಯಿಂದ ತಪ್ಪಿದ್ದು ಈ ಬಸ್ಸಿನಲ್ಲೇ, ಅದು ಸಣ್ಣ ಬದಲಾವಣೆಯಲ್ಲ. ನಿವೃತ್ತ ಶಿಕ್ಷಕರು, ನೌಕರರಿಗೆ ರೈಲಿನ ಹಿರಿಯ ನಾಗರಿಕರ ರಿಯಾಯಿತಿ ದೊಡ್ಡ ಆಸರೆಯಾಗಿತ್ತು. 2020ರ ಮಾರ್ಚಿನಲ್ಲಿ ಅದು ನಿಂತಿತು. 2022ರ ನವೆಂಬರಿನಲ್ಲಿ ರಾಜ್ಯ ಸರಕಾರದ ಸಹಾಯಧನದೊಂದಿಗೆ ಭಾರತ ಗೌರವ ಕಾಶಿ ದರ್ಶನ ರೈಲು ಶುರುವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸು ಪುಕ್ಕಟೆಯಾದುದರಿಂದ, ಜೋಡಿಯ ಬಸ್ಸಿನ ಖರ್ಚು ಅರ್ಧದಷ್ಟು ಇಳಿಯಿತು.

ಮೋಟಾರು ಮನೆಯೆಂಬ ಕ್ಯಾರವಾನ್ ಈ ಸಾಲಿಗೆ ಕೊನೆಯಲ್ಲಿ ಬಂದದ್ದು. ಅಮೆರಿಕದಲ್ಲಿ ಏರ್‌ಸ್ಟ್ರೀಮ್ ಗಾಡಿಗಳನ್ನು ಕಟ್ಟಿದ ವಾಲಿ ಬಯಮ್ 1950ರ ದಶಕದಲ್ಲೇ ಮನೆಗಾಡಿಗಳ ಸಾಲುಗಳನ್ನು ದೇಶಾಂತರ ಕರೆದೊಯ್ದಿದ್ದ. ಅಲ್ಲಿ ನಿವೃತ್ತ ದಂಪತಿಗಳು ಮನೆ ಮಾರಿ ಅಂಥ ಗಾಡಿಯಲ್ಲೇ ವರ್ಷಗಟ್ಟಲೆ ಬದುಕುವುದು ಈಗ ಸಾಮಾನ್ಯ. ನೆರೆಯ ಮಹಾರಾಷ್ಟ್ರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿತು. ಆದರೆ ಕೃಷ್ಣಾ ತೀರದ ರೈತ ದಂಪತಿಗೆ ಅಂಥ ಗಾಡಿಯ ಬೆಲೆ ಎಟುಕುವಂಥದ್ದಲ್ಲ, ಮಕ್ಕಳೂ ನೆರೆಯವರೂ ಇಲ್ಲದೆ ಇಬ್ಬರೇ ಹೊರಡುವ ರೂಢಿಯೂ ಇಲ್ಲಿ ಬೆಳೆದಿಲ್ಲ. ಚಿಂಚಲಿಯ ಜಾತ್ರೆಗೆ ಮಾತ್ರ ಟ್ರ್ಯಾಕ್ಟರುಗಳ ನಡುವೆ ಎತ್ತಿನ ಬಂಡಿಗಳು ಇಂದಿಗೂ ಬರುತ್ತವೆ, ಅವುಗಳಲ್ಲಿ ಎಷ್ಟೋ ಬಂಡಿಗಳು ಗಡಿಯಾಚೆಯ ಮಹಾರಾಷ್ಟ್ರದ ಹಳ್ಳಿಗಳವು.